ಬಾಹ್ಯ ಡಿಸ್ಕಿನಲ್ಲಿರುವ ಲೆಕ್ಕಪತ್ರಗಳು: ಲಿನಕ್ಸ್ ವ್ಯವಸ್ಥೆಯಲ್ಲಿ ಒಡೆತನ ಹಾಗೂ ಅನುಮತಿಯ ತೊಡಕುಗಳು

ಒಂದು ಕಾಲಕ್ಕೆ ವ್ಯಾಪಾರಸ್ಥರ ಲೆಕ್ಕಪತ್ರಗಳೆಂದರೆ ಕೆಂಪು ಬಟ್ಟೆಯ ಹೊದಿಕೆಯ ದಿನವಹಿ ಮತ್ತು ಖಾತಾವಹಿಗಳು. ಅವು ಕಬ್ಬಿಣದ ಕಪಾಟಿನಲ್ಲಿರುತ್ತಿದ್ದವು. ಕಪಾಟಿನ ಬೀಗದ ಕೈ ಮಾಲೀಕರ ಬಳಿ ಇರುತ್ತಿತ್ತು. ಇಂದು ಅದೇ ಲೆಕ್ಕಪತ್ರಗಳು, ಬಿಲ್ಲುಗಳ ಪ್ರತಿಗಳು, ಯಂತ್ರಭಾಗಗಳ ನಕ್ಷೆಗಳು ಹಾಗೂ ಸಂಬಳದ ಪಟ್ಟಿಗಳು ಅಂಗೈಯಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಅಡಗಿವೆ. ಪೀಣ್ಯದ ಸಣ್ಣ ಕೈಗಾರಿಕಾ ಘಟಕವಿರಲಿ, ಹುಬ್ಬಳ್ಳಿಯ ಮಂಡಿಯಿರಲಿ, ಈ ಡಿಸ್ಕೇ ಈಗಿನ ಕಪಾಟು.

2025ರ ಅಕ್ಟೋಬರ್ 14ರಂದು ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಅಳವಡಿಸಲು ಅರ್ಹವಲ್ಲದ ಹಳೆಯ ಕಂಪ್ಯೂಟರುಗಳನ್ನು ಮೂಲೆಗೆಸೆಯುವ ಬದಲು ಅವುಗಳಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳುವ ಮಾರ್ಗವೂ ಉದ್ದಿಮೆದಾರರ ಮುಂದಿದೆ. ವೆಚ್ಚದ ದೃಷ್ಟಿಯಿಂದ ಇದು ಸ್ವಾಗತಾರ್ಹವೇ ಸರಿ. ಆದರೆ ಈ ಮಾರ್ಗ ಹಿಡಿದವರು ಬೇಗನೆ ಎದುರಿಸುವ ತೊಡಕೊಂದಿದೆ. ಡಿಸ್ಕನ್ನು ಒಂದು ಕಂಪ್ಯೂಟರಿನಿಂದ ಕಳಚಿ ಇನ್ನೊಂದಕ್ಕೆ ಸೇರಿಸಿದಾಗ ಫೋಲ್ಡರಿನ ಮೇಲೆ ಬೀಗದ ಚಿತ್ರ ಕಾಣಿಸುತ್ತದೆ. ಕಡತ ತೆರೆಯುವುದಿಲ್ಲ, ಅಥವಾ ತೆರೆದರೂ ತಿದ್ದಲು ಬರುವುದಿಲ್ಲ. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಹೀಗಾದರೆ ಕಚೇರಿಯಲ್ಲಿ ಗಾಬರಿಯಾಗುವುದು ಸಹಜ.

ಇಂತಹ ಸಂದರ್ಭದಲ್ಲಿ ಬಹುಮಟ್ಟಿಗೆ ಲೆಕ್ಕ ಕಳೆದುಹೋಗಿರುವುದಿಲ್ಲ. ಕಡತಗಳು ಡಿಸ್ಕಿನಲ್ಲಿಯೇ ಇರುತ್ತವೆ. ಅವುಗಳ ಒಡೆಯರು ಯಾರೆಂಬ ದಾಖಲೆ ಮಾತ್ರ ಹೊಸ ಕಂಪ್ಯೂಟರಿಗೆ ಹೊಂದುತ್ತಿರುವುದಿಲ್ಲ. ಪರಿಹಾರವೂ ಕಠಿಣವಲ್ಲ. ಆದರೆ ಕಾರಣ ತಿಳಿಯದೆ ಕೈಗೆ ಸಿಕ್ಕಿದ ಆದೇಶ ಕೊಡುವುದರಿಂದ ಸಣ್ಣ ತೊಡಕು ದೊಡ್ಡ ನಷ್ಟವಾಗಿ ಪರಿಣಮಿಸಬಹುದು. ಆದುದರಿಂದ ಮೊದಲು ಕಾರಣ, ಅನಂತರ ಪರಿಹಾರ ಎಂಬ ಕ್ರಮವನ್ನು ಅನುಸರಿಸುವುದು ಉಚಿತ.

ಕಾನೂನಿನ ಹೊಣೆ

ಲೆಕ್ಕಪತ್ರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದನ್ನು ಕಾನೂನು ನಿಗದಿಪಡಿಸಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 36ನೇ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2023-24ನೇ ಸಾಲಿಗೆ ಆ ದಿನಾಂಕ 2024ರ ಡಿಸೆಂಬರ್ 31 ಎಂದು ಹಿಡಿದರೆ, ಆ ಸಾಲಿನ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಇರಬೇಕಾಗುತ್ತದೆ. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಅವಧಿ ಇನ್ನೂ ಮುಂದುವರಿಯಬಹುದು. ಕಂಪನಿಗಳಿಗಾದರೆ ಕಂಪನಿಗಳ ಕಾಯ್ದೆ, 2013ರ 128ನೇ ಕಲಮಿನಂತೆ ಹಿಂದಿನ ಎಂಟು ಹಣಕಾಸು ವರ್ಷಗಳ ಲೆಕ್ಕ ಸುಸ್ಥಿತಿಯಲ್ಲಿರಬೇಕು.

ಇದಲ್ಲದೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೇ ನಿಯಮವು ವಿದ್ಯುನ್ಮಾನ ರೂಪದ ಲೆಕ್ಕಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದೂ, ಅವಘಡವಾದರೆ ಸಮಂಜಸ ಕಾಲದೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂದೂ ವಿಧಿಸುತ್ತದೆ. ಅಧಿಕಾರಿ ಕೇಳಿದಾಗ ದಾಖಲೆಯನ್ನು ಮುದ್ರಿತ ಪ್ರತಿಯಲ್ಲಾಗಲೀ ಓದಬಲ್ಲ ವಿದ್ಯುನ್ಮಾನ ರೂಪದಲ್ಲಾಗಲೀ ಹಾಜರುಪಡಿಸಬೇಕು. ಕಡತಗಳ ವಿವರ ಹಾಗೂ ಪಾಸ್‌ವರ್ಡುಗಳನ್ನೂ ಒದಗಿಸಬೇಕು. ಡಿಸ್ಕ್ ಕಪಾಟಿನಲ್ಲಿದೆ, ಆದರೆ ತೆರೆಯುತ್ತಿಲ್ಲ ಎಂಬುದು ಈ ನಿಯಮಕ್ಕೆ ಉತ್ತರವಾಗಲಾರದು. ಎಂಟು ವರ್ಷಗಳಲ್ಲಿ ಕಂಪ್ಯೂಟರು ಎರಡು ಬಾರಿಯಾದರೂ ಬದಲಾಗಬಹುದು, ಲೆಕ್ಕಿಗರೂ ಬದಲಾಗಬಹುದು; ಡಿಸ್ಕಿನ ಕಡತಗಳು ಮಾತ್ರ ಓದುವಂತಿರಲೇಬೇಕು.

ಹೆಸರಲ್ಲ, ಸಂಖ್ಯೆ

ಲಿನಕ್ಸ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ ಮತ್ತು ಒಂದು ಗುಂಪು ಇರುತ್ತವೆ. ಒಡೆಯ, ಗುಂಪಿನ ಸದಸ್ಯರು, ಉಳಿದವರು ಎಂಬ ಮೂರು ವರ್ಗಗಳಿಗೆ ಓದುವುದು, ಬರೆಯುವುದು, ಚಾಲನೆ ಮಾಡುವುದು ಎಂಬ ಮೂರು ಅನುಮತಿಗಳು ಪ್ರತ್ಯೇಕವಾಗಿ ನಮೂದಾಗಿರುತ್ತವೆ. ಓದಲು 4, ಬರೆಯಲು 2, ಚಾಲನೆಗೆ 1 ಎಂಬ ಅಂಕಗಳನ್ನು ಕೂಡಿಸಿ ಇವನ್ನು ಮೂರಂಕಿಯಲ್ಲಿ ಬರೆಯುವ ರೂಢಿಯಿದೆ. 640 ಎಂದರೆ ಒಡೆಯನಿಗೆ ಓದಲು ಬರೆಯಲು, ಗುಂಪಿಗೆ ಓದಲು ಮಾತ್ರ, ಉಳಿದವರಿಗೆ ಏನೂ ಇಲ್ಲ ಎಂದರ್ಥ. ಫೋಲ್ಡರಿನ ವಿಷಯದಲ್ಲಿ ಚಾಲನೆಯ ಅನುಮತಿಯೆಂದರೆ ಅದರೊಳಗೆ ಪ್ರವೇಶಿಸುವ ಅನುಮತಿ. ಅದಿಲ್ಲದಿದ್ದರೆ ಒಳಗಿನ ಕಡತಗಳ ಅನುಮತಿ ಸರಿಯಿದ್ದರೂ ಪ್ರಯೋಜನವಿಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೆಂದರೆ, ಡಿಸ್ಕಿನಲ್ಲಿ ದಾಖಲಾಗುವುದು ಒಡೆಯನ ಹೆಸರಲ್ಲ, ಒಂದು ಸಂಖ್ಯೆ. ಬ್ಯಾಂಕಿಗೆ ಹಣ ವರ್ಗಾಯಿಸುವಾಗ ಖಾತೆಯ ಸಂಖ್ಯೆ ಮುಖ್ಯವಾಗುವಂತೆ ಇಲ್ಲಿಯೂ ಸಂಖ್ಯೆಯೇ ನಿರ್ಣಾಯಕ. ಉಬುಂಟು ಮೊದಲಾದ ವ್ಯವಸ್ಥೆಗಳಲ್ಲಿ ಕಂಪ್ಯೂಟರಿನಲ್ಲಿ ಮೊದಲು ಸೃಷ್ಟಿಯಾಗುವ ಬಳಕೆದಾರನಿಗೆ 1000, ಎರಡನೆಯವನಿಗೆ 1001 ಎಂಬಂತೆ ಸಂಖ್ಯೆಗಳು ದೊರೆಯುತ್ತವೆ. ಇಡೀ ವ್ಯವಸ್ಥೆಯ ನಿರ್ವಾಹಕನಾದ ರೂಟ್ ಬಳಕೆದಾರನ ಸಂಖ್ಯೆ ಯಾವಾಗಲೂ 0.

ಉದಾಹರಣೆಗೆ, ಒಂದು ಘಟಕದ ಹಳೆಯ ಕಂಪ್ಯೂಟರಿನಲ್ಲಿ ಮಾಲೀಕರು ಮೊದಲ ಬಳಕೆದಾರರು, ಲೆಕ್ಕಿಗರು ಎರಡನೆಯವರು ಎಂದು ಭಾವಿಸೋಣ. ಮಾಲೀಕರ ಸಂಖ್ಯೆ 1000, ಲೆಕ್ಕಿಗರದು 1001. ಹೊಸ ಕಂಪ್ಯೂಟರನ್ನು ಲೆಕ್ಕಿಗರೇ ತಮ್ಮ ಹೆಸರಿನಲ್ಲಿ ಸಿದ್ಧಪಡಿಸಿಕೊಂಡರೆ ಅಲ್ಲಿ ಅವರ ಸಂಖ್ಯೆ 1000 ಆಗುತ್ತದೆ. ಡಿಸ್ಕನ್ನು ಜೋಡಿಸಿದಾಗ ಲೆಕ್ಕಿಗರು ತಾವೇ ಬರೆದ ಕಡತಗಳನ್ನು ತೆರೆಯಲಾರರು. ಅವು ಹೊಸ ಕಂಪ್ಯೂಟರಿಗೆ ಅಪರಿಚಿತನಾದ 1001 ಎಂಬುವನ ಕಡತಗಳು. ಅದೇ ವೇಳೆ ಮಾಲೀಕರ ಖಾಸಗಿ ಕಡತಗಳು, ಸಂಬಳ ಮತ್ತು ಪಾಲುದಾರರ ಲೆಕ್ಕ ಸಹಿತ, ಲೆಕ್ಕಿಗರ ಸ್ವಂತ ಕಡತಗಳಂತೆ ತೆರೆದುಕೊಳ್ಳುತ್ತವೆ. ಯಾರ ತಪ್ಪೂ ಇಲ್ಲದೆ, ತೆರೆಯಬೇಕಾದುದು ಮುಚ್ಚಿ ಮುಚ್ಚಬೇಕಾದುದು ತೆರೆದಂತಾಗುತ್ತದೆ.

ಡಿಸ್ಕುಗಳೆಲ್ಲ ಒಂದೇ ಬಗೆಯವಲ್ಲ

ಮೇಲಿನ ವಿವರಣೆ ಲಿನಕ್ಸಿನ ಸ್ವಂತ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ಕ್ಕೆ ಅನ್ವಯಿಸುತ್ತದೆ. ಆದರೆ ಅಂಗಡಿಯಿಂದ ತಂದ ಡಿಸ್ಕು ಬೇರೆ ಬಗೆಯದಾಗಿರಬಹುದು. ಸಾಮಾನ್ಯವಾಗಿ ಕಂಡುಬರುವ ಬಗೆಗಳು ಇವು:

1. ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್: ಇವುಗಳಲ್ಲಿ ಒಡೆಯನ ಸಂಖ್ಯೆ ಬರೆಯಲು ಸ್ಥಳವೇ ಇಲ್ಲ. ಡಿಸ್ಕನ್ನು ಜೋಡಿಸುವಾಗ ಲಿನಕ್ಸ್ ಎಲ್ಲ ಕಡತಗಳಿಗೂ ಒಬ್ಬ ಒಡೆಯನನ್ನು ತಾತ್ಕಾಲಿಕವಾಗಿ ಆರೋಪಿಸುತ್ತದೆ. ಫ್ಯಾಟ್32ರಲ್ಲಿ ಒಂದು ಕಡತವು 4 ಜಿಬಿ ಗಾತ್ರವನ್ನು ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ; 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್ ಕರ್ನೆಲ್‌ನಲ್ಲಿಯೇ ಅದಕ್ಕೆ ಬೆಂಬಲ ದೊರೆತಿದೆ.

2. ಎನ್‌ಟಿಎಫ್‌ಎಸ್: ಇದು ವಿಂಡೋಸ್‌ನ ವ್ಯವಸ್ಥೆ. ಇದಕ್ಕೆ ತನ್ನದೇ ಆದ ಅನುಮತಿ ಪದ್ಧತಿಯಿದ್ದರೂ ಅದು ಲಿನಕ್ಸಿನ ಪದ್ಧತಿಗಿಂತ ಭಿನ್ನ. ಲಿನಕ್ಸ್ ಸಾಮಾನ್ಯವಾಗಿ ಇಲ್ಲಿಯೂ ಜೋಡಣೆಯ ಸಮಯದಲ್ಲಿ ಒಡೆಯನನ್ನು ಆರೋಪಿಸುತ್ತದೆ.

3. ಇಎಕ್ಸ್‌ಟಿ4: ಒಡೆತನ, ಗುಂಪು, ಅನುಮತಿ ಮೂರೂ ಡಿಸ್ಕಿನಲ್ಲಿಯೇ ಶಾಶ್ವತವಾಗಿ ದಾಖಲಾಗುತ್ತವೆ. ವಿಂಡೋಸ್ ತಾನಾಗಿ ಇದನ್ನು ಓದುವುದಿಲ್ಲ.

ಈ ವ್ಯತ್ಯಾಸ ತಿಳಿಯದಿರುವುದೇ ಬಹಳಷ್ಟು ವ್ಯರ್ಥ ಪ್ರಯತ್ನಗಳಿಗೆ ಕಾರಣ. ಇಎಕ್ಸ್‌ಟಿ4 ಡಿಸ್ಕಿಗೆ ಹೇಳಿದ ಮದ್ದು ಎಕ್ಸ್‌ಫ್ಯಾಟ್ ಡಿಸ್ಕಿಗೆ ನಾಟುವುದಿಲ್ಲ.

ಸಂದೇಶವನ್ನು ಓದುವುದು

ಕಡತ ತೆರೆಯದಿದ್ದಾಗ ಪರದೆಯ ಮೇಲೆ ಬರುವ ಸಂದೇಶವನ್ನು ಮುಚ್ಚಿಬಿಡದೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿಯೊಂದು ಸಂದೇಶವೂ ಬೇರೊಂದು ಕಾರಣವನ್ನು ಸೂಚಿಸುತ್ತದೆ.

“ಪರ್ಮಿಷನ್ ಡಿನೈಡ್” ಎಂದು ಬಂದರೆ ಒಡೆತನ ಅಥವಾ ಅನುಮತಿ ಹೊಂದುತ್ತಿಲ್ಲವೆಂದು ತಿಳಿಯಬೇಕು.

“ರೀಡ್-ಓನ್ಲಿ ಫೈಲ್ ಸಿಸ್ಟಮ್” ಎಂದರೆ ಇಡೀ ಡಿಸ್ಕು ಓದಲು ಮಾತ್ರ ಜೋಡಣೆಯಾಗಿದೆ. ಇದಕ್ಕೂ ಒಡೆತನಕ್ಕೂ ಸಂಬಂಧವಿಲ್ಲ. ನಿರ್ವಾಹಕನಿಗೂ ಅದರಲ್ಲಿ ಬರೆಯಲು ಬಾರದು.

“ಆಪರೇಷನ್ ನಾಟ್ ಪರ್ಮಿಟೆಡ್” ಎಂದು ಒಡೆತನ ಬದಲಿಸುವಾಗ ಬಂದರೆ, ಬದಲಿಸುವ ಅಧಿಕಾರ ಇಲ್ಲದಿರಬಹುದು. ನಿರ್ವಾಹಕ ಅಧಿಕಾರದಿಂದ ಮಾಡಿದಾಗಲೂ ಬಂದರೆ ಆ ಡಿಸ್ಕು ಒಡೆತನ ದಾಖಲಿಸದ ಫ್ಯಾಟ್ ಬಗೆಯದೇ ಎಂದು ಪರೀಕ್ಷಿಸಬೇಕು.

“ಇನ್‌ಪುಟ್/ಔಟ್‌ಪುಟ್ ಎರರ್” ಎಂದರೆ ಡಿಸ್ಕಿನಲ್ಲಾಗಲೀ, ಕೇಬಲ್ಲಿನಲ್ಲಾಗಲೀ, ಯುಎಸ್‌ಬಿ ಜೋಡಣೆಯಲ್ಲಾಗಲೀ ದೋಷವಿರುವ ಸಂಭವ ಹೆಚ್ಚು. ಆಗ ಅನುಮತಿ ತಿದ್ದುವ ಗೋಜಿಗೆ ಹೋಗಬಾರದು. ಬೇರೆ ಕೇಬಲ್ಲಿನಿಂದ ಜೋಡಿಸಿ, ಸಾಧ್ಯವಾದಷ್ಟು ಕಡತಗಳನ್ನು ತಕ್ಷಣ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು.

ಪರೀಕ್ಷೆಯ ಕ್ರಮ

ಲಿನಕ್ಸಿನ ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ನಾಲ್ಕು ಆದೇಶಗಳನ್ನು ಕೊಟ್ಟರೆ ಕಾರಣ ತಿಳಿದುಬರುತ್ತದೆ. ಇಲ್ಲಿ ಆದೇಶಗಳನ್ನು ಅಕ್ಷರಶಃ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಅವನ್ನು ಕೀಲಿಮಣೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಲಾಗಿದೆ. ಈ ನಾಲ್ಕೂ ಆದೇಶಗಳು ಮಾಹಿತಿ ತೋರಿಸುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲ.

1. ಎಲ್-ಎಸ್-ಬಿ-ಎಲ್-ಕೆ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಫ್ ಅಕ್ಷರ. ಡಿಸ್ಕು ಯಾವ ಬಗೆಯದು, ಅದು ಯಾವ ವಿಳಾಸದಲ್ಲಿ ಜೋಡಣೆಯಾಗಿದೆ ಎಂಬುದನ್ನು ಇದು ತೋರಿಸುತ್ತದೆ. ಉಬುಂಟುವಿನಲ್ಲಿ ಡಿಸ್ಕು ಸಾಮಾನ್ಯವಾಗಿ ‘ಮೀಡಿಯಾ’ ಎಂಬ ಫೋಲ್ಡರಿನೊಳಗೆ ಬಳಕೆದಾರನ ಹೆಸರಿನಡಿ ಕಾಣುತ್ತದೆ.

2. ಎಫ್-ಐ-ಎನ್-ಡಿ-ಎಂ-ಎನ್-ಟಿ. ಜೋಡಣೆಯ ಷರತ್ತುಗಳನ್ನು ಇದು ಪಟ್ಟಿ ಮಾಡುತ್ತದೆ. ಡಿಸ್ಕಿನ ಸಾಲಿನಲ್ಲಿ ‘ಆರ್‌ಡಬ್ಲ್ಯು’ ಎಂದಿದ್ದರೆ ಓದಲು ಬರೆಯಲು ಎರಡಕ್ಕೂ ಅವಕಾಶವಿದೆ. ‘ಆರ್‌ಓ’ ಎಂದಿದ್ದರೆ ಓದಲು ಮಾತ್ರ.

3. ಐ-ಡಿ. ಪ್ರಸ್ತುತ ಬಳಕೆದಾರನ ಸಂಖ್ಯೆ ಹಾಗೂ ಅವನು ಸೇರಿರುವ ಗುಂಪುಗಳ ಸಂಖ್ಯೆಗಳು ಕಾಣುತ್ತವೆ.

4. ಎಲ್-ಎಸ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ, ಎಲ್ ಮತ್ತು ಎನ್ ಅಕ್ಷರಗಳು, ಮತ್ತೆ ಜಾಗ ಬಿಟ್ಟು ಫೋಲ್ಡರಿನ ವಿಳಾಸ. ಕಡತಗಳ ಅನುಮತಿ ಮತ್ತು ಒಡೆಯನ ಸಂಖ್ಯೆಯನ್ನು ಇದು ತೋರಿಸುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಆದೇಶಗಳ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರೆ, ಬ್ಯಾಂಕಿನ ಲೆಕ್ಕಪಟ್ಟಿಯನ್ನು ಖಾತಾವಹಿಯೊಡನೆ ತಾಳೆ ನೋಡಿದಂತೆಯೇ, ವ್ಯತ್ಯಾಸ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಇಎಕ್ಸ್‌ಟಿ4 ಡಿಸ್ಕಿಗೆ ಪರಿಹಾರ

ನಿರ್ವಾಹಕ ಅಧಿಕಾರದಿಂದ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಮೇಲುಮಟ್ಟದ ಫೋಲ್ಡರ್ ಅನೇಕ ವೇಳೆ ರೂಟ್ ಬಳಕೆದಾರನ ಒಡೆತನದಲ್ಲಿ ಉಳಿದಿರುತ್ತದೆ. ಆದ್ದರಿಂದ ಖಾಲಿ ಡಿಸ್ಕಿನಲ್ಲಿಯೂ ಸಾಮಾನ್ಯ ಬಳಕೆದಾರ ಒಂದು ಕಡತವನ್ನೂ ಇಡಲಾರ. ಹಳೆಯ ಡಿಸ್ಕಾದರೆ ಮೇಲೆ ಹೇಳಿದ ಸಂಖ್ಯೆಯ ವ್ಯತ್ಯಾಸವಿರುತ್ತದೆ. ಎರಡಕ್ಕೂ ಪರಿಹಾರವೆಂದರೆ ಒಡೆತನದ ವರ್ಗಾವಣೆ.

ಇದಕ್ಕೆ ಬಳಸುವ ಆದೇಶ ಸಿ-ಎಚ್-ಓ-ಡಬ್ಲ್ಯು-ಎನ್, ರೂಢಿಯಲ್ಲಿ ‘ಚೌನ್’. ನಿರ್ವಾಹಕ ಅಧಿಕಾರ ಬೇಕಾಗುವುದರಿಂದ ಅದರ ಮುಂದೆ ಎಸ್-ಯು-ಡಿ-ಓ, ಅಂದರೆ ‘ಸುಡೊ’ ಪದ ಬರುತ್ತದೆ. ಕ್ರಮ ಹೀಗಿದೆ: ಸುಡೊ, ಚೌನ್, ಅಡ್ಡಗೆರೆಯೊಡನೆ ದೊಡ್ಡಕ್ಷರದ ಆರ್, ಹೊಸ ಒಡೆಯನ ಹೆಸರು, ಅದಕ್ಕಂಟಿದಂತೆ ವಿವರಣ ಚಿಹ್ನೆ (:), ಅದಕ್ಕಂಟಿದಂತೆ ಗುಂಪಿನ ಹೆಸರು, ಜಾಗ ಬಿಟ್ಟು ಫೋಲ್ಡರಿನ ಪೂರ್ಣ ವಿಳಾಸ. ದೊಡ್ಡಕ್ಷರದ ಆರ್ ಎಂದರೆ ಫೋಲ್ಡರಿನೊಳಗಿನ ಎಲ್ಲಕ್ಕೂ ಅನ್ವಯಿಸು ಎಂದರ್ಥ. ಒಡೆತನದ ವರ್ಗಾವಣೆಯಿಂದ ಕಡತದೊಳಗಿನ ಬರಹವಾಗಲೀ, ಅದನ್ನು ಕೊನೆಯ ಬಾರಿ ತಿದ್ದಿದ ದಿನಾಂಕವಾಗಲೀ ಬದಲಾಗುವುದಿಲ್ಲ ಎಂಬುದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸಮಾಧಾನಕರ.

ಆದರೆ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ಬದಲಾವಣೆಗೆ ಮುನ್ನ ಇರುವ ಸ್ಥಿತಿಯ ಪಟ್ಟಿಯನ್ನು ಉಳಿಸಿಕೊಳ್ಳುವುದು. ಯಾವ ಕಡತಕ್ಕೆ ಯಾರು ಒಡೆಯರಾಗಿದ್ದರೆಂಬುದೂ ಒಂದು ದಾಖಲೆಯೇ. ನಾಲ್ಕನೆಯ ಪರೀಕ್ಷಾ ಆದೇಶದ ಎನ್ ಅಕ್ಷರಕ್ಕೆ ದೊಡ್ಡಕ್ಷರದ ಆರ್ ಸೇರಿಸಿ, ಕೊನೆಯಲ್ಲಿ ‘>’ ಚಿಹ್ನೆ ಮತ್ತು ಒಂದು ಕಡತದ ಹೆಸರು ಕೊಟ್ಟರೆ ಪಟ್ಟಿಯು ಆ ಕಡತದಲ್ಲಿ ಉಳಿಯುತ್ತದೆ.

ಎರಡನೆಯದು, ಎಲ್ಲವನ್ನೂ ಒಬ್ಬರ ಹೆಸರಿಗೆ ವರ್ಗಾಯಿಸದಿರುವುದು. ಚೌನ್ ಆದೇಶದಲ್ಲಿ ಎರಡು ಅಡ್ಡಗೆರೆಗಳ ನಂತರ ಎಫ್-ಆರ್-ಓ-ಎಂ, ಸಮಚಿಹ್ನೆ (=), 1001 ಎಂದು ಸೇರಿಸಿದರೆ 1001ನೇ ಸಂಖ್ಯೆಯ ಕಡತಗಳು ಮಾತ್ರ ಬದಲಾಗುತ್ತವೆ; ಇತರರ ಕಡತಗಳು ಹಾಗೆಯೇ ಉಳಿಯುತ್ತವೆ. ಆದರೆ ಹಿಂದೆ ಹೇಳಿದ ಉದಾಹರಣೆಯಂತೆ ಸಂಖ್ಯೆಗಳು ಅದಲುಬದಲಾಗಿದ್ದರೆ ಇಷ್ಟು ಸಾಲದು. ಮೊದಲು ಮಾಲೀಕರ 1000ನೇ ಸಂಖ್ಯೆಯ ಕಡತಗಳನ್ನು ಯಾರಿಗೂ ಸೇರದ ಒಂದು ಸಂಖ್ಯೆಗೆ, ಉದಾಹರಣೆಗೆ 3000ಕ್ಕೆ, ಸರಿಸಬೇಕು. ನಂತರ 1001 ಅನ್ನು 1000ಕ್ಕೂ, ಕೊನೆಯಲ್ಲಿ 3000 ಅನ್ನು ಮಾಲೀಕರ ಹೊಸ ಸಂಖ್ಯೆಗೂ ಬದಲಿಸಬೇಕು. ಈ ಕ್ರಮ ತಪ್ಪಿದರೆ ಇಬ್ಬರ ಕಡತಗಳೂ ಬೆರೆತು, ಬೇರ್ಪಡಿಸಲು ಹಳೆಯ ಪಟ್ಟಿಯೊಂದೇ ಆಧಾರವಾಗುತ್ತದೆ.

ಮೂರನೆಯದು ವಿಳಾಸದ ಎಚ್ಚರಿಕೆ. ವಿಳಾಸದ ಆರಂಭದ ಓರೆಗೆರೆಯ (/) ನಂತರ ತಪ್ಪಿ ಜಾಗ ಬಿಟ್ಟರೆ, ಆ ಓರೆಗೆರೆಯೊಂದನ್ನೇ ಲಿನಕ್ಸ್ ಇಡೀ ಕಂಪ್ಯೂಟರಿನ ವಿಳಾಸವೆಂದು ತಿಳಿಯುತ್ತದೆ. ಆಗ ವ್ಯವಸ್ಥೆಯ ಕಡತಗಳ ಒಡೆತನವೆಲ್ಲ ಬದಲಾಗಿ, ಸುಡೊ ಆದೇಶವೇ ಕೆಲಸ ಮಾಡದೆ, ಕಂಪ್ಯೂಟರಿಗೆ ಲಿನಕ್ಸನ್ನು ಮತ್ತೆ ಅಳವಡಿಸುವ ಪರಿಸ್ಥಿತಿ ಬರಬಹುದು. ಎಂಟರ್ ಒತ್ತುವ ಮೊದಲು, ಚೆಕ್ಕಿಗೆ ಸಹಿ ಹಾಕುವ ಮೊದಲು ಮೊತ್ತ ನೋಡುವಂತೆ, ವಿಳಾಸವನ್ನು ಇನ್ನೊಮ್ಮೆ ನೋಡುವುದು ಕ್ಷೇಮಕರ.

ಡಿಸ್ಕಿನಲ್ಲಿ ‘ಲಾಸ್ಟ್+ಫೌಂಡ್’ ಎಂಬ ಫೋಲ್ಡರಿನ ಮೇಲೆ ಬೀಗದ ಚಿತ್ರ ಕಂಡರೆ ಚಿಂತಿಸಬೇಕಾಗಿಲ್ಲ. ಅದು ಡಿಸ್ಕಿನ ದುರಸ್ತಿಗೆಂದು ವ್ಯವಸ್ಥೆ ಇಟ್ಟುಕೊಂಡ ಫೋಲ್ಡರು. ಅದು ರೂಟ್ ಒಡೆತನದಲ್ಲಿಯೇ ಇರತಕ್ಕದ್ದು.

ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್ ಡಿಸ್ಕುಗಳಿಗೆ ಪರಿಹಾರ

ಈ ಡಿಸ್ಕುಗಳಲ್ಲಿ ಚೌನ್ ಆದೇಶ ಕೊಟ್ಟರೆ ದೋಷಸಂದೇಶ ಬರಬಹುದು, ಇಲ್ಲವೇ ಏನೂ ಆಗದೆ ಇರಬಹುದು. ಒಡೆಯನನ್ನು ನಿರ್ಧರಿಸುವುದು ಜೋಡಣೆಯ ಷರತ್ತಾದುದರಿಂದ, ಬದಲಿಸಬೇಕಾದುದೂ ಅದನ್ನೇ. ಪರದೆಯ ಮೇಲಿನ ಚಿತ್ರವನ್ನು ಒತ್ತಿ ಡಿಸ್ಕನ್ನು ತೆರೆದರೆ ತೆರೆದ ಬಳಕೆದಾರನೇ ಒಡೆಯನಾಗುತ್ತಾನೆ, ತೊಂದರೆ ಇರುವುದಿಲ್ಲ. ಕಂಪ್ಯೂಟರು ಪ್ರಾರಂಭವಾಗುವಾಗಲೇ ಡಿಸ್ಕು ಜೋಡಣೆಯಾಗಲೆಂದು ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಸಾಲು ಬರೆಸಿ, ಒಡೆಯನ ಸಂಖ್ಯೆಯನ್ನು ಸೂಚಿಸದೆ ಬಿಟ್ಟಾಗ ಕಡತಗಳು ರೂಟ್ ಹೆಸರಿಗೆ ಹೋಗಬಹುದು. ಆಗ ಆ ಸಾಲಿನ ಷರತ್ತುಗಳಲ್ಲಿ ‘ಯುಐಡಿ=1000’ ಮತ್ತು ‘ಜಿಐಡಿ=1000’ ಎಂದು, ಅಂದರೆ ಬಳಕೆದಾರನ ಮತ್ತು ಗುಂಪಿನ ಸಂಖ್ಯೆಗಳನ್ನು, ಸೇರಿಸಿ ಡಿಸ್ಕನ್ನು ಕಳಚಿ ಮತ್ತೆ ಜೋಡಿಸಬೇಕು. ಇದೇ ಷರತ್ತನ್ನು ಇಎಕ್ಸ್‌ಟಿ4 ಡಿಸ್ಕಿನ ಸಾಲಿನಲ್ಲಿ ಬರೆದರೆ ಆ ಡಿಸ್ಕು ಜೋಡಣೆಯೇ ಆಗುವುದಿಲ್ಲ.

ಎನ್‌ಟಿಎಫ್‌ಎಸ್ ಡಿಸ್ಕಿನ ವಿಷಯದಲ್ಲಿ ಇನ್ನೊಂದು ಕಾರಣವಿದೆ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದಿಂದಾಗಿ, ವಿಂಡೋಸ್ ಕಂಪ್ಯೂಟರನ್ನು ಮುಚ್ಚಿದಾಗಲೂ ಅದು ಪೂರ್ಣವಾಗಿ ಮುಚ್ಚಿರುವುದಿಲ್ಲ. ಡಿಸ್ಕನ್ನು ಸುರಕ್ಷಿತವಾಗಿ ಕಳಚದೆ ಎಳೆದಿದ್ದರೂ ಡಿಸ್ಕಿನ ಮೇಲೆ ‘ಕೆಲಸ ಬಾಕಿಯಿದೆ’ ಎಂಬ ಗುರುತು ಉಳಿಯುತ್ತದೆ. ಅಂತಹ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಜೋಡಿಸುತ್ತದೆ ಅಥವಾ ಜೋಡಿಸಲು ನಿರಾಕರಿಸುತ್ತದೆ. ಇದು ಲೆಕ್ಕವನ್ನು ಕಾಪಾಡಲೆಂದೇ ಇರುವ ನಿರ್ಬಂಧ, ಬಲವಂತದಿಂದ ಮೀರಬಾರದು. ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಮರಳಿ ಜೋಡಿಸಿ, ‘ಚೆಕ್ ಡಿಸ್ಕ್’ ಪರೀಕ್ಷೆ ನಡೆಸಿ, ಸುರಕ್ಷಿತವಾಗಿ ಕಳಚಿ, ಶಿಫ್ಟ್ ಕೀಲಿ ಒತ್ತಿ ಹಿಡಿದು ಕಂಪ್ಯೂಟರನ್ನು ಪೂರ್ಣವಾಗಿ ಮುಚ್ಚಿದರೆ ತೊಡಕು ಬಗೆಹರಿಯುತ್ತದೆ.

ಎಲ್ಲವೂ ಸರಿಯಿದ್ದೂ ಒಂದು ತಂತ್ರಾಂಶದಲ್ಲಿ ಮಾತ್ರ ಕಡತ ತೆರೆಯದಿದ್ದರೆ, ಆ ತಂತ್ರಾಂಶವು ‘ಸ್ನ್ಯಾಪ್’ ಅಥವಾ ‘ಫ್ಲ್ಯಾಟ್‌ಪ್ಯಾಕ್’ ರೂಪದಲ್ಲಿ ಅಳವಡಿಕೆಯಾಗಿದೆಯೇ ಎಂದು ನೋಡಬೇಕು. ಇಂತಹ ತಂತ್ರಾಂಶಗಳಿಗೆ ಬಾಹ್ಯ ಡಿಸ್ಕಿನ ಪ್ರವೇಶವನ್ನು ಪ್ರತ್ಯೇಕವಾಗಿ ಕೊಡಬೇಕಾಗಬಹುದು. ಡಿಸ್ಕಿನ ಅನುಮತಿಗಳನ್ನು ಮುಟ್ಟುವ ಅಗತ್ಯವಿಲ್ಲ.

777 ಎಂಬ ಅಡ್ಡದಾರಿ

ಅವಸರದಲ್ಲಿ ಅನೇಕರು ಕೊಡುವ ಸಲಹೆಯೆಂದರೆ ಸಿ-ಎಚ್-ಎಂ-ಓ-ಡಿ ಆದೇಶದಿಂದ ಇಡೀ ಡಿಸ್ಕಿಗೆ 777 ಅನುಮತಿ ಕೊಡುವುದು. ಎಲ್ಲರಿಗೂ ಓದಲು, ಬರೆಯಲು, ಚಾಲನೆ ಮಾಡಲು ಅವಕಾಶ ಎಂಬುದೇ ಇದರ ಅರ್ಥ. ಕಡತವೇನೋ ಕೂಡಲೇ ತೆರೆಯುತ್ತದೆ. ಆದರೆ ಗೋದಾಮಿನ ಬೀಗ ಗಡುಸಾಗಿದೆಯೆಂದು ಬಾಗಿಲನ್ನೇ ಕಿತ್ತಿಟ್ಟಂತಾಗುತ್ತದೆ. ಆ ಕಂಪ್ಯೂಟರಿನಲ್ಲಿ ಖಾತೆಯುಳ್ಳ ಯಾರು ಬೇಕಾದರೂ ಕಳೆದ ವರ್ಷದ ಖಾತೆಗಳನ್ನು ತಿದ್ದಬಹುದು ಅಥವಾ ಅಳಿಸಬಹುದು. ಬಿಲ್ಲಿನ ಪ್ರತಿಗಳೂ ಚಾಲನೆ ಮಾಡಬಹುದಾದ ಕಡತಗಳೆಂಬ ಗುರುತು ಪಡೆಯುತ್ತವೆ. ಮೊದಲಿನ ಅನುಮತಿಗಳು ಅಳಿಸಿಹೋಗುವುದರಿಂದ ಹಿಂದಿನ ಸ್ಥಿತಿಗೆ ತರಲು ಪಟ್ಟಿಯಿಲ್ಲದಿದ್ದರೆ ಕಷ್ಟ.

ಲೆಕ್ಕದ ಫೋಲ್ಡರುಗಳಿಗೆ 750, ಕಡತಗಳಿಗೆ 640 ಸಾಮಾನ್ಯವಾಗಿ ಸಾಕು. ಒಡೆಯನು ಬರೆಯುತ್ತಾನೆ, ಗುಂಪಿನವರು ಓದುತ್ತಾರೆ, ಹೊರಗಿನವರಿಗೆ ಪ್ರವೇಶವಿಲ್ಲ.

ಹಲವರು ಬಳಸುವ ಡಿಸ್ಕು

ಒಂದೇ ಡಿಸ್ಕನ್ನು ಎರಡು ಮೂರು ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಸುವುದಾದರೆ ಪ್ರತಿ ಬಾರಿ ಒಡೆತನ ಬದಲಿಸುವುದು ಸರಿಯಲ್ಲ. ಇದಕ್ಕೆ ಎರಡು ಮಾರ್ಗಗಳಿವೆ. ಪ್ರತಿಯೊಬ್ಬ ನೌಕರನಿಗೂ ಎಲ್ಲ ಕಂಪ್ಯೂಟರುಗಳಲ್ಲಿಯೂ ಒಂದೇ ಸಂಖ್ಯೆ ದೊರೆಯುವಂತೆ ಖಾತೆ ತೆರೆಯುವುದು ಮೊದಲನೆಯ ಮಾರ್ಗ. ಹಾಜರಿ ಪುಸ್ತಕದಲ್ಲಿ ನೌಕರನ ಸಂಖ್ಯೆ ಇರುವಂತೆಯೇ ಈ ಸಂಖ್ಯೆಯನ್ನೂ ಒಂದು ವಹಿಯಲ್ಲಿ ಬರೆದಿಡಬೇಕು.

ಎರಡನೆಯದು ಗುಂಪಿನ ಮಾರ್ಗ. ಎಲ್ಲ ಕಂಪ್ಯೂಟರುಗಳಲ್ಲಿ ‘ಲೆಕ್ಕ’ ಎಂಬರ್ಥದ ಹೆಸರಿನ ಗುಂಪೊಂದನ್ನು ಒಂದೇ ಸಂಖ್ಯೆಯಲ್ಲಿ, ಉದಾಹರಣೆಗೆ 2000ರಲ್ಲಿ, ಸೃಷ್ಟಿಸಿ ಸಂಬಂಧಪಟ್ಟವರನ್ನು ಅದಕ್ಕೆ ಸೇರಿಸಬೇಕು. ಡಿಸ್ಕಿನ ಹಂಚಿಕೆಯ ಫೋಲ್ಡರನ್ನು ಆ ಗುಂಪಿಗೆ ವಹಿಸಿ 2770 ಅನುಮತಿ ಕೊಡಬೇಕು. ಮೊದಲಿನ 2ರ ಅರ್ಥ, ಆ ಫೋಲ್ಡರಿನಲ್ಲಿ ಹೊಸದಾಗಿ ಸೃಷ್ಟಿಯಾಗುವ ಕಡತಗಳೂ ಅದೇ ಗುಂಪಿಗೆ ಸೇರಲಿ ಎಂಬುದು. ಗುಂಪಿಗೆ ಸೇರಿಸಿದ ಬಳಿಕ ಬಳಕೆದಾರನು ಒಮ್ಮೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗುವವರೆಗೆ ಅದು ಜಾರಿಗೆ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಡಿಸ್ಕನ್ನು ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಬಳಸುವ ಅಗತ್ಯವಿದ್ದರೆ ಎಕ್ಸ್‌ಫ್ಯಾಟ್ ಅನುಕೂಲ. ಆದರೆ ಲಿನಕ್ಸ್ ಕಂಪ್ಯೂಟರಿನ ಬ್ಯಾಕಪ್ಪನ್ನು ನೇರವಾಗಿ ಅದಕ್ಕೆ ನಕಲು ಮಾಡಿದರೆ ಒಡೆತನದ ವಿವರಗಳು ಉಳಿಯುವುದಿಲ್ಲ. ‘ಟಾರ್’ ಎಂಬ ಆದೇಶದಿಂದ ಎಲ್ಲವನ್ನೂ ಒಂದು ಕಟ್ಟಾಗಿ ಮಾಡಿ ಇಟ್ಟರೆ ಆ ಕಟ್ಟಿನೊಳಗೆ ವಿವರಗಳು ಉಳಿಯುತ್ತವೆ.

ಅನುಮತಿಯು ಬೀಗವಲ್ಲ

ಅನುಮತಿಗಳನ್ನು ಎಷ್ಟೇ ಸರಿಯಾಗಿ ಹೊಂದಿಸಿದರೂ ಅವು ಕಚೇರಿಯೊಳಗಿನ ಶಿಸ್ತಿಗೆ ಮಾತ್ರ. ಡಿಸ್ಕು ಕಳವಾದರೆ, ನಿರ್ವಾಹಕ ಅಧಿಕಾರವುಳ್ಳ ಯಾವುದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಅದರಲ್ಲಿರುವ ಎಲ್ಲವನ್ನೂ ಓದಬಹುದು. ಗೋಪ್ಯತೆ ಬೇಕಾದಲ್ಲಿ ‘ಲಕ್ಸ್’ ಪದ್ಧತಿಯಿಂದ ಇಡೀ ಡಿಸ್ಕನ್ನು ಗೂಢಲಿಪೀಕರಿಸುವುದೇ ಮಾರ್ಗ. ಆಗ ಪಾಸ್‌ವರ್ಡು ಮರೆತರೆ ಲೆಕ್ಕವೂ ಹೋದಂತೆಯೇ. ಆದುದರಿಂದ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡುವುದು, ಅದು ಎಲ್ಲಿದೆಯೆಂಬುದನ್ನು ಇನ್ನೊಬ್ಬ ಪಾಲುದಾರರಿಗೂ ತಿಳಿಸಿರುವುದು ಅವಶ್ಯ.

ಮಾಲೀಕರ ಗಮನಕ್ಕೆ

1. ಹೊಸ ಡಿಸ್ಕು ಕೊಂಡಾಗ ಅದನ್ನು ಯಾವ ಕಂಪ್ಯೂಟರುಗಳಲ್ಲಿ ಬಳಸಲಾಗುವುದೆಂದು ನಿರ್ಧರಿಸಿ, ಅದಕ್ಕೆ ತಕ್ಕ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಸಬೇಕು. ಲೆಕ್ಕ ತುಂಬಿದ ಮೇಲೆ ಫಾರ್ಮ್ಯಾಟ್ ಮಾಡಿದರೆ ಇರುವುದೆಲ್ಲ ಅಳಿಸಿಹೋಗುತ್ತದೆ.

2. ಡಿಸ್ಕಿನ ಮೇಲೆ ಚೀಟಿ ಅಂಟಿಸಿ ಅದರ ಬಗೆ, ಒಡೆಯರ ಸಂಖ್ಯೆ, ಯಾವ ಸಾಲಿನ ಲೆಕ್ಕ, ಯಾವ ದಿನಾಂಕದವರೆಗೆ ಕಾಪಾಡಬೇಕು ಎಂಬುದನ್ನು ಬರೆಯಬೇಕು.

3. ಒಂದೇ ಪ್ರತಿಯಿರುವ ಡಿಸ್ಕಿನಲ್ಲಿ ದುರಸ್ತಿ ನಡೆಸಬಾರದು. ಮೊದಲು ನಕಲು, ನಂತರ ದುರಸ್ತಿ.

4. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, ಕಡತಗಳು ತೆರೆಯುತ್ತವೆಯೇ, ಹೊಸ ಕಡತ ಇಡಲು ಬರುತ್ತದೆಯೇ ಎಂದು ನೋಡಬೇಕು.

5. ಮೂರು ತಿಂಗಳಿಗೊಮ್ಮೆ ಹಿಂದಿನ ಯಾವುದಾದರೊಂದು ಸಾಲಿನ ಒಂದು ಖಾತೆಯನ್ನು ಡಿಸ್ಕಿನಿಂದ ತೆರೆದು ನೋಡುವ ಪದ್ಧತಿ ಇಟ್ಟುಕೊಳ್ಳಬೇಕು. ದಾಸ್ತಾನು ಪರಿಶೀಲನೆಯಂತೆಯೇ ಇದೂ ಒಂದು ಪರಿಶೀಲನೆ.

ಇವುಗಳಲ್ಲಿ ಹೆಚ್ಚಿನವನ್ನು ಮಾಡಿಸಲು ಹಣಕ್ಕಿಂತ ಸ್ವಲ್ಪ ಸಮಯ ಬೇಕು, ಅಷ್ಟೆ. ಆದೇಶಗಳನ್ನು ಗುಮಾಸ್ತರಾಗಲೀ ತಂತ್ರಜ್ಞರಾಗಲೀ ಕೊಡಬಹುದು. ಆದರೆ ಯಾವ ಕಡತಕ್ಕೆ ಯಾರು ಒಡೆಯರು, ಯಾರು ಓದಬಹುದು, ಯಾರು ತಿದ್ದಬಹುದು ಎಂಬ ನಿರ್ಧಾರ ಮಾಲೀಕರದೇ ಆಗಿರಬೇಕು. ತೆರಿಗೆ ಅಧಿಕಾರಿಯ ಮುಂದೆ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಅವರೇ ಅಲ್ಲವೇ.